ಮನೆಯಲ್ಲೇ ಅಲ್ಯೂಮಿನಿಯಂ ಅನೋಡೈಸಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಹವ್ಯಾಸಿಗಳು, ಲೇತ್ ಕೆಲಸದವರು, ಬೈಕ್ ರಿಪೇರಿಯವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಕೊಟ್ಟಿದೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು. ಆದರೆ ಆ್ಯಸಿಡ್ ಬೆರೆಸುವ ಮತ್ತು ಚೆಲ್ಲುವ ಬಗೆಗಿನ ಎರಡು ಉತ್ತರಗಳನ್ನು ಮಾತ್ರ ಬಿಡಬೇಡಿ.

## ಶುರು ಮಾಡುವ ಮುಂಚೆ

ಅನೋಡೈಸಿಂಗ್ ಅಂದ್ರೆ ಪೇಂಟ್ ತರಾನೇ ಒಂದು ಕೋಟಿಂಗಾ?

ಅಲ್ಲ. ಪೇಂಟು, ಪೌಡರ್ ಕೋಟಿಂಗ್ ಹೊರಗಿನಿಂದ ಬಂದು ಲೋಹದ ಮೇಲೆ ಕೂರುತ್ತವೆ. ಅಂಚಿನಲ್ಲಿ ಒಮ್ಮೆ ಎದ್ದರೆ ಹಾಳೆ ಹಾಳೆಯಾಗಿ ಬರುತ್ತವೆ. ಅನೋಡೈಸಿಂಗ್‌ನಲ್ಲಿ ಅಲ್ಯೂಮಿನಿಯಂನ ಮೇಲ್ಮೈಯೇ ಆಕ್ಸೈಡ್ ಆಗಿ ಬದಲಾಗುತ್ತದೆ. ಗಾಳಿಗೆ ಬಿಟ್ಟ ಅಲ್ಯೂಮಿನಿಯಂ ಮೇಲೆ ತಾನಾಗಿ ಕೂರುವ ಆಕ್ಸೈಡ್ ಕೆಲವೇ ನ್ಯಾನೋಮೀಟರ್ ದಪ್ಪ. ನೀರು ಬೆರೆಸಿ ತೆಳ್ಳಗೆ ಮಾಡಿದ ಸಲ್ಫ್ಯೂರಿಕ್ ಆ್ಯಸಿಡ್‌ನಲ್ಲಿ ಅದ್ದಿ, ತುಂಡಿಗೆ ಪ್ಲಸ್ ಕೊಟ್ಟು ಡಿಸಿ ಕರೆಂಟ್ ಹರಿಸಿದರೆ ಅದೇ ಪದರ 10ರಿಂದ 25 ಮೈಕ್ರಾನ್‌ವರೆಗೆ ಬೆಳೆಯುತ್ತದೆ (ಮಿ.ಮೀ.ನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್). ಬೆಳೆಯುವಾಗ ಪದರದ ತುಂಬ ಕಣ್ಣಿಗೆ ಕಾಣದ ನೇರ ರಂಧ್ರಗಳು ಉಳಿಯುತ್ತವೆ. ಬಣ್ಣ ಹೋಗಿ ಕೂರುವುದು ಆ ರಂಧ್ರಗಳಲ್ಲಿ. ಕೊನೆಗೆ ಕುದಿಯುವ ನೀರಿನಲ್ಲಿಟ್ಟರೆ ರಂಧ್ರದ ಬಾಯಿ ಮುಚ್ಚುತ್ತದೆ, ಇದೇ ಸೀಲಿಂಗ್.

ಮಳೆಗಾಲದಲ್ಲಿ ನಮ್ಮ ಕಡೆ ಅಲ್ಯೂಮಿನಿಯಂಗೆ ಬಿಳಿ ಚುಕ್ಕೆ ಬೀಳತ್ತೆ. ಅನೋಡೈಸ್ ಮಾಡಿದ್ರೆ ನಿಲ್ಲತ್ತಾ?

ತೇವದಿಂದ ಬಂದ ಚುಕ್ಕೆಯಾದರೆ ಬಹುಮಟ್ಟಿಗೆ ನಿಲ್ಲುತ್ತದೆ. ಸಿಮೆಂಟು, ಸುಣ್ಣ ತಗುಲಿ ಬಂದದ್ದಾದರೆ ಇಲ್ಲ. ಈ ಪದರ ತಡೆದುಕೊಳ್ಳುವುದು ಪಿಎಚ್ (ಹುಳಿ-ಕ್ಷಾರದ ಅಳತೆ) 4ರಿಂದ 8.5ರವರೆಗೆ. ಹಸಿ ಗಾರೆಯ ಪಿಎಚ್ 12 ದಾಟುತ್ತದೆ. ಕಿಟಕಿ ಕೂರಿಸುವಾಗ ಮೇಲೆ ಬಿದ್ದ ಗಾರೆಯನ್ನು ಒಣಗಲು ಬಿಡದೆ ಒರೆಸಿ ತೆಗೆಯಬೇಕು ಎನ್ನುವುದು ಇದಕ್ಕೇ.

ಬೋರ್ಡೋ ಹೊಡೆಯೋ ಸ್ಪ್ರೇಯರ್‌ನ ಅಲ್ಯೂಮಿನಿಯಂ ಪೈಪ್ ಒಂದೇ ಸೀಸನ್‌ಗೆ ತೂತು ಬೀಳತ್ತೆ. ಇದಕ್ಕೆ ಮಾಡಬಹುದಾ?

ಮಾಡಿ ಪ್ರಯೋಜನವಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ. ಸುಣ್ಣ ಹೆಚ್ಚಾದರೆ ಅದೇ ಆಕ್ಸೈಡ್ ಪದರವನ್ನು ಕರಗಿಸುತ್ತದೆ. ಸುಣ್ಣ ಕಡಿಮೆಯಾದರೆ ಉಳಿದ ತಾಮ್ರ, ಪದರದಲ್ಲಿ ಎಲ್ಲಿ ಗೀರು ಇದೆಯೋ ಅಲ್ಲಿ ಅಲ್ಯೂಮಿನಿಯಂ ಮೇಲೆ ಕೂತು ಆ ಜಾಗವನ್ನು ಕೊರೆಯುತ್ತದೆ. ಎರಡು ಕಡೆಯಿಂದಲೂ ಪೆಟ್ಟು. ಕೊಳೆರೋಗದ ಔಷಧಿಗೆ ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಲ್ಯಾನ್ಸೇ ಸರಿ.

ಅಡಿಕೆ ಕೊಯ್ಯೋ ಅಲ್ಯೂಮಿನಿಯಂ ದೋಟಿಗೆ ಅನೋಡೈಸ್ ಮಾಡಿದ್ರೆ ಶಾಕ್ ಹೊಡೆಯಲ್ವಂತೆ, ಹೌದಾ?

ಇದನ್ನು ಯಾರೇ ಹೇಳಿದರೂ ನಂಬಬೇಡಿ. ಆಕ್ಸೈಡ್ ಪದರ ಕರೆಂಟ್ ಹರಿಸುವುದಿಲ್ಲ ಎನ್ನುವುದು ನಿಜ. ಮಲ್ಟಿಮೀಟರ್ ಇಟ್ಟರೆ ಕಂಟಿನ್ಯುಟಿ ತೋರಿಸುವುದಿಲ್ಲ. ಆದರೆ 20 ಮೈಕ್ರಾನ್ ಪದರ ತಡೆಯುವುದು ಹೆಚ್ಚೆಂದರೆ ಕೆಲವು ನೂರು ವೋಲ್ಟ್, ಅದೂ ಒಂದು ಗೀರೂ ಇಲ್ಲದಿದ್ದಾಗ. ತೋಟದ ಪಕ್ಕ ಹಾದುಹೋಗುವ ಲೈನ್ 11,000 ವೋಲ್ಟ್. ದೋಟಿ ಒಂದರೊಳಗೊಂದು ಜಾರುವ ಜಾಗದಲ್ಲಿ ಪದರ ಉಜ್ಜಿ ಹೋಗಿರುತ್ತದೆ, ಮಳೆ ನೀರು ಹೊರಮೈಯಲ್ಲೇ ದಾರಿ ಮಾಡಿಕೊಡುತ್ತದೆ. ಬಣ್ಣ ಬಳಿದ ದೋಟಿಯೂ ಲೈನಿಗೆ ತಗುಲಿದರೆ ಕೊಲ್ಲುತ್ತದೆ. ಕೈಗೆ ಕಪ್ಪು ಅಂಟದಿರಲಿ, ಬೇಗ ಸವೆಯದಿರಲಿ ಅಂತ ಮಾಡುವುದಾದರೆ ಅಭ್ಯಂತರವಿಲ್ಲ.

ಅಡುಗೆ ಪಾತ್ರೆಗೆ ಮಾಡ್ಕೋಬಹುದಾ?

ಬೇಡ. ಅಂಗಡಿಯ ಹಾರ್ಡ್ ಅನೋಡೈಸ್ಡ್ ಪಾತ್ರೆಯ ಪ್ರಕ್ರಿಯೆಯೇ ಬೇರೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಹೆಚ್ಚು ಕರೆಂಟಿನಲ್ಲಿ ಬೆಳೆಸಿದ ದಪ್ಪ ಪದರ ಅದು. ಮನೆಯ ಟ್ಯಾಂಕಿನಲ್ಲಿ ಯಾವ ಲೋಹ ಕರಗಿದೆ, ಬಣ್ಣದಲ್ಲಿ ಏನಿದೆ ಎನ್ನುವುದಕ್ಕೆ ಲೆಕ್ಕವಿರುವುದಿಲ್ಲ. ಹುಣಸೆಹುಳಿ ಕುದಿಯುವ ಪಾತ್ರೆಗೆ ಅದು ಆಗದು.

ಯಾವ ಅಲ್ಯೂಮಿನಿಯಂ ಚೆನ್ನಾಗಿ ಬರತ್ತೆ? ಬೈಕ್ ಇಂಜಿನ್ ಕವರ್ ಹಾಕಿದ್ರೆ ಕಪ್ಪಾಯ್ತು.

ಕಪ್ಪಾಗಲೇಬೇಕು, ಅದು ಎರಕದ ಮಾಲು. ಎರಕಕ್ಕೆ ಬಳಸುವ ಮಿಶ್ರಲೋಹದಲ್ಲಿ ಶೇಕಡಾ 10ಕ್ಕೂ ಹೆಚ್ಚು ಸಿಲಿಕಾನ್ ಇರುವುದು ಸಾಮಾನ್ಯ. ಸಿಲಿಕಾನ್ ಆ್ಯಸಿಡ್‌ನಲ್ಲಿ ಕರಗುವುದಿಲ್ಲ, ಆಕ್ಸೈಡೂ ಸರಿಯಾಗಿ ಆಗುವುದಿಲ್ಲ. ಬೂದು ಮಸಿಯಾಗಿ ಮೇಲೆ ಉಳಿಯುತ್ತದೆ. ಇಂಜಿನ್ ಕವರ್, ಕ್ಲಚ್ ಲಿವರ್, ಹಳೆಯ ಫ್ಯಾನಿನ ಬಾಡಿಗೆ ಪೇಂಟೇ ಗತಿ.

ಕಲಿಯುವವರಿಗೆ 6063 ನಂಬರಿನ ಮಿಶ್ರಲೋಹ ಒಳ್ಳೆಯದು. ಕಿಟಕಿ, ಪಾರ್ಟಿಶನ್ ಮಾಡುವ ಅಂಗಡಿಯ ಸೆಕ್ಷನ್‌ಗಳು ಹೆಚ್ಚಾಗಿ ಇದೇ. ತುಂಡು ಕೇಳಿದರೆ ತೂಕಕ್ಕೆ ಕೊಡುತ್ತಾರೆ. ‘ಮಿಲ್ ಫಿನಿಶ್’ ತುಂಡನ್ನೇ ಕೇಳಿ, ಪೌಡರ್ ಕೋಟ್ ಆದದ್ದು ಬೇಡ. ಲೇತ್ ಕೆಲಸಕ್ಕೆ 6061, ತಗಡಿಗೆ 5052. 7075 ಬರುತ್ತದೆ, ಆದರೆ ಬಣ್ಣದ ಛಾಯೆ ಬದಲಾಗುತ್ತದೆ. ತಾಮ್ರ ಹೆಚ್ಚಿರುವ 2024 ಸತಾಯಿಸುತ್ತದೆ. ಮಾಚೇನಹಳ್ಳಿ ಕಡೆಯ ವರ್ಕ್‌ಶಾಪ್‌ನಿಂದ ಗುರುತಿಲ್ಲದ ರಾಡ್ ತಂದಿದ್ದರೆ ಮೊದಲು ಎರಡಿಂಚು ತುಂಡರಿಸಿ ಪರೀಕ್ಷೆ ಮಾಡಿ, ಆಮೇಲೆ ಜಾಬ್ ಮಾಡಿ. ಒಟ್ಟಿಗೆ ಕಾಣಬೇಕಾದ ತುಂಡುಗಳನ್ನು ಒಂದೇ ರಾಡಿನಿಂದ ತೆಗೆಯಿರಿ.

## ಸಾಮಾನು

ಬೈಕ್ ಬ್ಯಾಟರಿ ಇದೆ, ಮೊಬೈಲ್ ಚಾರ್ಜರ್ ಇದೆ. ಯಾವುದು ಸಾಕು?

ಮೊಬೈಲ್ ಚಾರ್ಜರ್‌ನ 5 ವೋಲ್ಟ್ ಸಾಲದು. ಪದರ ಬೆಳೆದಂತೆ 12ರಿಂದ 18 ವೋಲ್ಟ್ ಬೇಕಾಗುತ್ತದೆ. 12 ವೋಲ್ಟ್ ಬ್ಯಾಟರಿಯಲ್ಲಿ ತೆಳು ಪದರ ಬರುತ್ತದೆ, ಆದರೆ ಶುರುವಿನಲ್ಲಿ ಎಷ್ಟು ಕರೆಂಟ್ ಹೋಗುತ್ತದೆ ಎನ್ನುವುದು ನಿಮ್ಮ ಹಿಡಿತದಲ್ಲಿರುವುದಿಲ್ಲ. ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ 30 ವೋಲ್ಟ್, 5 ಆಂಪ್‌ನ ಬೆಂಚ್ ಪವರ್ ಸಪ್ಲೈ ಕೊಳ್ಳಿ. ಈ ಹವ್ಯಾಸದಲ್ಲಿ ದುಡ್ಡು ಹಾಕಲೇಬೇಕಾದ ಒಂದೇ ವಸ್ತು ಇದು. ವೆಲ್ಡಿಂಗ್ ಸೆಟ್ ತರುವ ಯೋಚನೆ ಬಿಡಿ.

ಆ್ಯಸಿಡ್ ಎಲ್ಲಿ ಸಿಗತ್ತೆ, ಎಷ್ಟು ನೀರು ಸೇರಿಸಬೇಕು?

ಬ್ಯಾಟರಿ ಅಂಗಡಿಯಲ್ಲಿ ಸಿಗುವ ಬ್ಯಾಟರಿ ಆ್ಯಸಿಡ್ ಸಾಕು. ಗಾಢ ಸಲ್ಫ್ಯೂರಿಕ್ ಆ್ಯಸಿಡ್ ಮನೆಗೆ ತರಬೇಡಿ. 2013ರ ಸುಪ್ರೀಂ ಕೋರ್ಟ್ ಆದೇಶದ ನಂತರ ಆ್ಯಸಿಡ್ ಮಾರುವವರು ಕೊಳ್ಳುವವರ ಗುರುತಿನ ಚೀಟಿ ನೋಡಿ, ವಿಳಾಸ ಬರೆದಿಟ್ಟುಕೊಳ್ಳಬೇಕು. 18 ತುಂಬದವರಿಗೆ ಕೊಡುವಂತಿಲ್ಲ. ಚೀಟಿ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ.

2.5 ಲೀಟರ್ ಡಿಸ್ಟಿಲ್ಡ್ ವಾಟರಿಗೆ 1.250 ಸಾಂದ್ರತೆಯ ಬ್ಯಾಟರಿ ಆ್ಯಸಿಡ್ 2 ಲೀಟರ್ ಸೇರಿಸಿದರೆ ಲೀಟರಿಗೆ ಸುಮಾರು 185 ಗ್ರಾಂ ಆ್ಯಸಿಡ್ ಇರುವ ದ್ರಾವಣ ಸಿಗುತ್ತದೆ. ಬೇಕಾದದ್ದು 165ರಿಂದ 200 ಗ್ರಾಂ. ಬ್ಯಾಟರಿ ನೋಡುವ ಹೈಡ್ರೋಮೀಟರ್ ಇಳಿಸಿದರೆ 1.10 ಮತ್ತು 1.12ರ ನಡುವೆ ನಿಲ್ಲಬೇಕು.

ಮೊದಲು ಬಕೆಟ್‌ಗೆ ನೀರು, ಆಮೇಲೆ ಆ್ಯಸಿಡ್. ಸಣ್ಣ ಧಾರೆಯಾಗಿ, ಕಲಕುತ್ತಾ. ತಿರುಗಿಸಿ ಆ್ಯಸಿಡ್‌ಗೆ ನೀರು ಸುರಿದರೆ ಮೇಲ್ಭಾಗ ಕುದಿದು ಮುಖಕ್ಕೆ ಸಿಡಿಯುತ್ತದೆ. ಬೆರೆಸಿದ್ದು ಬೆಚ್ಚಗಾಗುತ್ತದೆ, ತಣಿಯಲು ರಾತ್ರಿಯಿಡೀ ಬಿಡಿ.

ಟಾಯ್ಲೆಟ್ ತೊಳೆಯೋ ಆ್ಯಸಿಡ್ ಆಗಲ್ವಾ? ಸುಲಭಕ್ಕೆ ಸಿಗತ್ತೆ.

ಆಗುವುದೇ ಇಲ್ಲ. ಅದು ಹೈಡ್ರೋಕ್ಲೋರಿಕ್ ಆ್ಯಸಿಡ್. ಅದರ ಕ್ಲೋರೈಡ್ ಪದರವನ್ನು ಬೆಳೆಯಲು ಬಿಡದೆ ಲೋಹವನ್ನೇ ತಿನ್ನುತ್ತದೆ. ಕರೆಂಟ್ ಕೊಟ್ಟರೆ ಕ್ಲೋರಿನ್ ಅನಿಲವೂ ಏಳುತ್ತದೆ.

ನಲ್ಲಿ ನೀರು, ಬಾವಿ ನೀರು, ಮಳೆ ನೀರು ಯಾವುದು ಬಳಸಬಹುದು?

ಆ್ಯಸಿಡ್ ಬೆರೆಸಲು ಮತ್ತು ಸೀಲ್ ಮಾಡಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ನಡುವೆ ತೊಳೆಯಲು ಬಾವಿ ನೀರಾದರೂ ಆದೀತು. ನಲ್ಲಿ ನೀರಿನಲ್ಲಿ ಕ್ಲೋರಿನ್ ಹಾಕಿರುವುದರಿಂದ ಟ್ಯಾಂಕಿಗೆ ಬೇಡ. ಮಲೆನಾಡಿಗರಿಗೆ ಒಂದು ಅನುಕೂಲವಿದೆ: ಜೋರು ಮಳೆ ಹಿಡಿದು ಒಂದೆರಡು ಗಂಟೆ ಕಳೆದ ಮೇಲೆ, ಹೆಂಚಿನ ಸೂರಿನ ನೀರಲ್ಲ, ಬಯಲಲ್ಲಿ ತೊಳೆದ ಪ್ಲಾಸ್ಟಿಕ್ ಬಕೆಟ್ ಇಟ್ಟು ಹಿಡಿದ ನೀರು ತೊಳೆಯುವ ಕೆಲಸಕ್ಕೆ ಎಲ್ಲಕ್ಕಿಂತ ಚೆನ್ನ.

ಟ್ಯಾಂಕು, ಮೈನಸ್ ಪ್ಲೇಟು, ತಂತಿ ಯಾವುದರದ್ದು ಇರಬೇಕು?

ಟ್ಯಾಂಕಿಗೆ ಮುಚ್ಚಳ ಇರುವ ಪಾಲಿಪ್ರೊಪಿಲೀನ್ ಅಥವಾ ಎಚ್‌ಡಿಪಿಇ ಬಕೆಟ್, ಮೊದಲಿಗೆ 5ರಿಂದ 10 ಲೀಟರ್. ಮೈನಸ್‌ಗೆ ಅಲ್ಯೂಮಿನಿಯಂ ತಗಡು, ತುಂಡಿನ ಎರಡೂ ಪಕ್ಕಕ್ಕೆ ಒಂದೊಂದು. ಹಳೆಯ ಪುಸ್ತಕಗಳು ಸೀಸ ಹೇಳುತ್ತವೆ. ಕೆಲಸ ಮಾಡುತ್ತದೆ, ಆದರೆ ಕೊನೆಗೆ ಆ ಸೀಸದ ಕೆಸರನ್ನು ಎಲ್ಲಿಡುವುದು ಎನ್ನುವುದೇ ತಲೆನೋವು. ತುಂಡನ್ನು ನೇತುಹಾಕಲು 2 ಮಿ.ಮೀ. ಅಲ್ಯೂಮಿನಿಯಂ ತಂತಿ. ತಾಮ್ರ, ಕಬ್ಬಿಣ, ಸ್ಟೀಲ್ ಯಾವುದೂ ಆ್ಯಸಿಡ್‌ಗೆ ತಾಗುವಂತಿಲ್ಲ. ತುಂಡಿನಲ್ಲಿ ಸ್ಟೀಲ್ ಬೋಲ್ಟ್, ಬುಷ್ ಇದ್ದರೆ ಬಿಚ್ಚಿಡಿ. ಬಿಟ್ಟರೆ ಅವು ಕರಗಿ ಟ್ಯಾಂಕೂ ಕೆಡುತ್ತದೆ.

ಬಚ್ಚಲುಮನೆಯಲ್ಲಿ ಮಾಡಬಹುದಾ? ನೀರು ಅಲ್ಲೇ ಇದೆ.

ಬಚ್ಚಲೊಲೆ ಇರುವ ಬಚ್ಚಲಲ್ಲಿ ಖಂಡಿತ ಬೇಡ. ಮೈನಸ್ ಪ್ಲೇಟಿನಿಂದ ಹೈಡ್ರೋಜನ್ ಗುಳ್ಳೆ ಏಳುತ್ತಲೇ ಇರುತ್ತದೆ. ಸೂರಿನಡಿ ಸೇರಿಕೊಂಡರೆ ಒಂದು ಕಿಡಿ ಸಾಕು. ಗುಳ್ಳೆ ಒಡೆದಾಗ ಏಳುವ ಆ್ಯಸಿಡ್ ಹನಿ ಗಂಟಲು ಕೆರೆಸುತ್ತದೆ, ತಾಮ್ರದ ಹಂಡೆಯನ್ನೂ ಹಾಳು ಮಾಡುತ್ತದೆ. ಗಾಳಿಯಾಡುವ ಜಗಲಿಯ ತುದಿ ಅಥವಾ ಅಂಗಳದ ಚಪ್ಪರ ಸರಿ. ದನ, ನಾಯಿ, ಮಕ್ಕಳು ಬರದ ಕಡೆ. ಕನ್ನಡಕ, ಮೊಣಕೈವರೆಗಿನ ರಬ್ಬರ್ ಗ್ಲೌಸ್, ಹಳೆಯ ಬಟ್ಟೆ. ಪಕ್ಕದಲ್ಲಿ ಒಂದು ಕೊಡ ಬರೀ ನೀರು. ಮೈಗೆ ಬಿದ್ದರೆ ತಕ್ಷಣ ಹರಿಯುವ ನೀರಿನಲ್ಲಿ 20 ನಿಮಿಷ ತೊಳೆಯಿರಿ, ಅಡುಗೆ ಸೋಡಾ ಹಚ್ಚಲು ಹೋಗಬೇಡಿ. ಕಣ್ಣಿಗೆ ಬಿದ್ದರೆ ಹಾಗೆಯೇ ತೊಳೆದು ನೇರ ಆಸ್ಪತ್ರೆಗೆ.

## ಕೆಲಸದ ಕ್ರಮ

ಸ್ಟೆಪ್ ಬೈ ಸ್ಟೆಪ್ ಹೇಳಿ.

ಮೊದಲು ಉಜ್ಜುವುದು. ಗೀರು ಇದ್ದರೆ ಅನೋಡೈಸಿಂಗ್ ಮುಚ್ಚುವುದಿಲ್ಲ, ಎದ್ದು ಕಾಣಿಸುತ್ತದೆ. 240ರಿಂದ 600ರವರೆಗೆ ಎಮರಿ, ಹೊಳಪು ಬೇಕಾದರೆ ಬಫ್. ಬಳಿಕ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ. ನೀರು ಮೇಲ್ಮೈಯಲ್ಲಿ ಒಂದೇ ಹಾಳೆಯಂತೆ ನಿಂತರೆ ಜಿಡ್ಡು ಹೋಗಿದೆ, ಹನಿ ಹನಿಯಾಗಿ ಒಡೆದರೆ ಇನ್ನೂ ಇದೆ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಚ್ಚು ಬಣ್ಣದಲ್ಲಿ ಹಾಗೇ ಮೂಡುತ್ತದೆ.

ತಂತಿಯನ್ನು ಈಗಲೇ ಬಿಗಿ ಮಾಡಿ. ತೂತಿಗೆ ಪೋಣಿಸಿ ಸಡಿಲವಾಗಿ ನೇತುಹಾಕಿದರೆ ಸಾಲದು. ತೂತಿನೊಳಗೆ ಒತ್ತಿ ಕೂರುವಂತೆ ತಂತಿಯ ತುದಿಯನ್ನು ಚಪ್ಪಟೆ ಮಾಡಿ ತುರುಕಬೇಕು, ಅಥವಾ ಕಣ್ಣಿಗೆ ಬೀಳದ ಕಡೆ ಇರುವ ಮರೆ (ಥ್ರೆಡ್) ತೂತಿಗೆ ಅಲ್ಯೂಮಿನಿಯಂ ಸ್ಕ್ರೂ ಹಾಕಿ ತಿರುಗಿಸಬೇಕು. ತುಂಡನ್ನು ಹಿಡಿದು ಅಲ್ಲಾಡಿಸಿದರೆ ತಂತಿ ಕೂಡ ಅದರ ಜೊತೆ ಅಲ್ಲಾಡಬೇಕು, ತುಂಡು ತಂತಿಯ ಮೇಲೆ ಜಾರಬಾರದು. ಒಮ್ಮೆ ಬಳಸಿದ ತಂತಿಯ ಮೇಲೂ ಆಕ್ಸೈಡ್ ಕೂತಿರುತ್ತದೆ. ಮುಂದಿನ ಸಲ ತುದಿ ಕತ್ತರಿಸಿ ಅಥವಾ ಹೊಸದು ಹಾಕಿ.

ಆಮೇಲೆ ಕಾಸ್ಟಿಕ್ ಸೋಡಾ: ಲೀಟರ್ ನೀರಿಗೆ 50 ಗ್ರಾಂ, 50 ಡಿಗ್ರಿ ಬಿಸಿ, ಒಂದರಿಂದ ಮೂರು ನಿಮಿಷ. ಬುರುಬುರು ಗುಳ್ಳೆ ಬರುತ್ತದೆ, ಅದೂ ಹೈಡ್ರೋಜನ್ನೇ. ಹೆಚ್ಚು ಹೊತ್ತು ಬಿಟ್ಟಷ್ಟೂ ಮೇಲ್ಮೈ ಮಂಕಾಗುತ್ತದೆ. ಹೊಳಪು ಬೇಕಾದವರು ಅರ್ಧ ನಿಮಿಷಕ್ಕೆ ತೆಗೆಯಿರಿ. ಹೊರಗೆ ಬಂದಾಗ ಕಾಣುವ ಬೂದು ಮಸಿಯನ್ನು 6063 ಆದರೆ ಮೆತ್ತನೆಯ ಬ್ರಷ್‌ನಲ್ಲಿ ನೀರಿನಡಿ ಉಜ್ಜಿ ತೆಗೆಯಬಹುದು. ಇದಕ್ಕೆ ಕಾರ್ಖಾನೆಯವರು ನೈಟ್ರಿಕ್ ಆ್ಯಸಿಡ್ ಬಳಸುತ್ತಾರೆ, ಮನೆಗೆ ಅದು ಬೇಕಿಲ್ಲ.

ಚೆನ್ನಾಗಿ ತೊಳೆದು ಟ್ಯಾಂಕಿಗೆ. ತುಂಡಿಗೆ ಪ್ಲಸ್, ತಗಡುಗಳಿಗೆ ಮೈನಸ್, ನಡುವೆ ಕನಿಷ್ಠ 5 ಸೆಂ.ಮೀ. ಅಂತರ. ಮೀನಿನ ತೊಟ್ಟಿಯ ಏರ್ ಪಂಪಿನ ಕೊಳವೆ ತಳಕ್ಕೆ ಬಿಟ್ಟರೆ ದ್ರಾವಣ ಕಲಕುತ್ತಿರುತ್ತದೆ. ಕರೆಂಟ್, ಸಮಯದ ಲೆಕ್ಕ ಮುಂದಿನ ಉತ್ತರದಲ್ಲಿದೆ. ಮುಗಿದ ಮೇಲೆ ತಣ್ಣೀರಲ್ಲಿ ತೊಳೆದು, ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಒಂದು ನಿಮಿಷ ಅದ್ದಿ, ಮತ್ತೆ ತೊಳೆದು, ಒಣಗಲು ಬಿಡದೆ ಬಣ್ಣಕ್ಕೆ.

ಎಷ್ಟು ಆಂಪ್ಸ್, ಎಷ್ಟು ಹೊತ್ತು? ಎಲ್ರೂ ಒಂದೊಂದು ಹೇಳ್ತಾರೆ.

ಮೇಲ್ಮೈ ಎಷ್ಟು ಎಂದು ಅಳೆಯದೆ ಹೇಳುವ ಆಂಪ್ಸ್‌ಗೆ ಅರ್ಥವಿಲ್ಲ, ಅದಕ್ಕೇ ಒಬ್ಬೊಬ್ಬರದು ಒಂದೊಂದು. ಪ್ರತಿ 100 ಚದರ ಸೆಂ.ಮೀ.ಗೆ 1 ಆಂಪ್ ಎಂದು ಇಟ್ಟುಕೊಳ್ಳಿ. ಕಾರ್ಖಾನೆಗಳಲ್ಲಿ 1.3ರಿಂದ 1.6 ಕೊಡುತ್ತಾರೆ. ಮನೆಯಲ್ಲಿ ಅಷ್ಟು ಬಿಸಿಯನ್ನು ತಣಿಸುವುದು ಕಷ್ಟ. ಸಮಯಕ್ಕೆ ಸೂತ್ರ: ಬೇಕಾದ ಮೈಕ್ರಾನ್ ಅನ್ನು 3.1ರಿಂದ ಗುಣಿಸಿ, 100 ಚದರ ಸೆಂ.ಮೀ.ಗೆ ಕೊಡುವ ಆಂಪ್‌ನಿಂದ ಭಾಗಿಸಿದರೆ ನಿಮಿಷ ಸಿಗುತ್ತದೆ.

ಮನೆಯ ಹೆಸರಿನ ಫಲಕ ಮಾಡುತ್ತಿದ್ದೀರಿ ಅನ್ನಿ, 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 2 ಮಿ.ಮೀ. ದಪ್ಪ. ಎರಡು ಮುಖ ಸೇರಿ 400, ಅಂಚು 12, ಒಟ್ಟು 412 ಚದರ ಸೆಂ.ಮೀ. ಅಂದರೆ 4.1 ಆಂಪ್. 15 ಮೈಕ್ರಾನ್‌ಗೆ 15 ಗುಣಿಸು 3.1, ಸುಮಾರು 47 ನಿಮಿಷ. ಹಿಂದಿನ ಮುಖ ಗೋಡೆಗೆ ತಾನೇ ಎಂದು ಬಿಟ್ಟು ಲೆಕ್ಕ ಹಾಕಿದರೆ ಪದರ ಅರ್ಧಕ್ಕೆ ನಿಲ್ಲುತ್ತದೆ. ಕರೆಂಟಿಗೆ ಮುಂದು ಹಿಂದು ಇಲ್ಲ.

ವೋಲ್ಟೇಜ್ ಅನ್ನು 20ಕ್ಕೆ ಮಿತಿ ಮಾಡಿ, ಕರೆಂಟನ್ನು 4.1ಕ್ಕೆ ಕಟ್ಟಿ ಬಿಡಿ. ವೋಲ್ಟೇಜ್ ಮೊದಲು ಬೇಗ, ಆಮೇಲೆ ಮೆಲ್ಲಗೆ ಏರುತ್ತಾ 12ರಿಂದ 16ರ ಆಸುಪಾಸಿಗೆ ಬಂದರೆ ಎಲ್ಲ ಸರಿಯಿದೆ.

ಬೇಸಿಗೆಯಲ್ಲಿ ಆ್ಯಸಿಡ್ 32 ಡಿಗ್ರಿ ಇರತ್ತೆ. ಹಾಗೇ ಮಾಡಬಹುದಾ?

ಇಲ್ಲ. ಆ್ಯಸಿಡ್ ಪದರವನ್ನು ಒಂದು ಕಡೆ ಬೆಳೆಯಲು ಬಿಡುತ್ತಾ ಇನ್ನೊಂದು ಕಡೆ ಕರಗಿಸುತ್ತಲೂ ಇರುತ್ತದೆ. 20ರಿಂದ 22 ಡಿಗ್ರಿಯಲ್ಲಿ ಬೆಳೆಯುವುದೇ ಹೆಚ್ಚು. 26 ದಾಟಿದರೆ ಮೇಲ್ಪದರ ಮೆತ್ತಗಾಗಲು ಶುರು, 30ರಲ್ಲಿ ಬೆರಳಿಗೆ ಅಂಟುವ ಪುಡಿ.

ಟ್ಯಾಂಕು ತಾನೇ ಬಿಸಿಯಾಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೇಲಿನ ಫಲಕಕ್ಕೆ 14 ವೋಲ್ಟ್, 4.1 ಆಂಪ್ ಅಂದರೆ 57 ವ್ಯಾಟ್. 47 ನಿಮಿಷಕ್ಕೆ ಸುಮಾರು 160 ಕಿಲೋಜೂಲ್. 5 ಲೀಟರ್ ದ್ರಾವಣವನ್ನು 8 ಡಿಗ್ರಿ ಏರಿಸಲು ಅಷ್ಟು ಸಾಕು. ಅರ್ಧ ಲೀಟರ್ ಮಂಜುಗಡ್ಡೆ ಕರಗುವಾಗ ಹೀರುವುದೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಅರ್ಧ ಲೀಟರಿನ ಎರಡು ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿ, ಬಿರಡೆ ಬಿಗಿ ಮಾಡಿ ಫ್ರೀಜರ್‌ನಲ್ಲಿಟ್ಟುಕೊಳ್ಳಿ. ಥರ್ಮಾಮೀಟರ್ 22 ದಾಟಿದಾಗ ಒಂದನ್ನು ಇಳಿಬಿಡಿ. ದೊಡ್ಡ ಬಕೆಟ್ ಬಳಸಿದರೆ ಏರಿಕೆ ನಿಧಾನ. ಆಷಾಢ, ಶ್ರಾವಣದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಹವೆಯೇ ತಂಪಾಗಿರುವುದರಿಂದ ಒಂದೇ ಬಾಟಲಿಯಲ್ಲಿ ಮುಗಿಯುತ್ತದೆ. ಶಿವಮೊಗ್ಗ ಪೇಟೆಯವರು ಏಪ್ರಿಲ್‌ನಲ್ಲಿ ಬೆಳಗಿನ ಜಾವ ಮಾಡುವುದು ಜಾಣತನ.

ಮಧ್ಯದಲ್ಲಿ ಕರೆಂಟ್ ಹೋದ್ರೆ ಏನ್ ಮಾಡೋದು ಮಾರಾಯ್ರೆ? ಮಳೆಗಾಲದಲ್ಲಿ ಗ್ಯಾರಂಟಿ ಇಲ್ಲ.

ಎರಡು ಮೂರು ನಿಮಿಷದಲ್ಲಿ ಬಂದರೆ ಹಾಗೇ ಮುಂದುವರಿಸಿ, ಉಳಿದ ಸಮಯವನ್ನಷ್ಟೇ ಎಣಿಸಿ. ಐದು ನಿಮಿಷ ದಾಟಿದರೆ ತುಂಡನ್ನು ತಂತಿ ಸಮೇತ ಎತ್ತಿ, ತೊಳೆದು, ಶುದ್ಧ ನೀರಿನಲ್ಲಿ ಮುಳುಗಿಸಿಡಿ. ಆ್ಯಸಿಡ್‌ನಲ್ಲೇ ಬಿಟ್ಟರೆ ಬೆಳೆದ ಪದರ ಕರಗುತ್ತಾ ಹೋಗುತ್ತದೆ. ಎತ್ತುವಾಗ ಕಾಂಟ್ಯಾಕ್ಟ್ ಕದಲಿಸಬೇಡಿ. ಕದಲಿದರೆ ತಂತಿ ಕೂರುವುದು ಈಗಾಗಲೇ ಆಕ್ಸೈಡ್ ಆದ ಜಾಗದ ಮೇಲೆ, ಅಲ್ಲಿಗೆ ಆ ತುಂಡಿನ ಕತೆ ಮುಗಿಯಿತು. ಮನೆಯ ಇನ್ವರ್ಟರ್‌ಗೆ 60-70 ವ್ಯಾಟ್ ಭಾರವೇನಲ್ಲ, ಇದ್ದವರು ಅದಕ್ಕೇ ಸಿಕ್ಕಿಸಿ.

## ಬಣ್ಣ ಮತ್ತು ಸೀಲಿಂಗ್

ಯಾವ ಬಣ್ಣ ಹಾಕಬೇಕು? ಹೋಳಿ ಬಣ್ಣ, ಬಟ್ಟೆ ಬಣ್ಣ ಆಗತ್ತಾ?

ನೀರಿನಲ್ಲಿ ಪೂರ್ತಿ ಕರಗುವ ಬಣ್ಣ ಮಾತ್ರ ರಂಧ್ರದೊಳಗೆ ಹೋಗುತ್ತದೆ. ಅನೋಡೈಸಿಂಗ್‌ಗೆಂದೇ ಬರುವ ಬಣ್ಣ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ರೇಷ್ಮೆ, ಉಣ್ಣೆಗೆ ಹಾಕುವ ಆ್ಯಸಿಡ್ ಡೈಗಳು ಚೆನ್ನಾಗಿ ಹಿಡಿಯುತ್ತವೆ. ಲೀಟರಿಗೆ 5 ಗ್ರಾಂ, ಕಪ್ಪಿಗೆ 10. ಕೆಲವು ಹನಿ ವಿನೆಗರ್ ಹಾಕಿ ಪಿಎಚ್ 5.5ರ ಸುತ್ತ ತನ್ನಿ. 50ರಿಂದ 55 ಡಿಗ್ರಿ, 10ರಿಂದ 15 ನಿಮಿಷ. 65 ದಾಟಿಸಬೇಡಿ, ಬಣ್ಣ ಒಳಗೆ ಹೋಗುವ ಮುಂಚೆಯೇ ರಂಧ್ರ ಮುಚ್ಚಲು ಶುರುವಾಗುತ್ತದೆ. ಹೋಳಿ ಬಣ್ಣದಲ್ಲಿ ಬಹುಪಾಲು ಪುಡಿ, ಅದು ಮೇಲೆ ಮಾತ್ರ ಕೂರುತ್ತದೆ.

ಕಪ್ಪು ಬೇಕಾದರೆ ಪದರ 20 ಮೈಕ್ರಾನ್ ಇರಲಿ. 10 ಮೈಕ್ರಾನ್‌ನಲ್ಲಿ ಕಪ್ಪು ಮಾಡಿದರೆ ನೇರಳೆ ಛಾಯೆ ಹೊಡೆಯುತ್ತದೆ.

ಬಿಳಿ ಬರಿಸೋಕೆ ಆಗತ್ತಾ?

ಇಲ್ಲ. ಬಿಳಿ ಬರುವುದು ಪುಡಿ ವರ್ಣಕದಿಂದ, ಅದರ ಕಣ ರಂಧ್ರಕ್ಕಿಂತ ಎಷ್ಟೋ ದೊಡ್ಡದು.

ಅಡಿಕೆ ಚೊಗರಲ್ಲಿ ಅದ್ದಿದ್ರೆ ಆ ಕೆಂಪು ಬರತ್ತಾ?

ಕೇಳುವವರು ನಾವಂದುಕೊಂಡದ್ದಕ್ಕಿಂತ ಹೆಚ್ಚು ಜನ! ಚೊಗರಿನಲ್ಲಿರುವ (ಅಡಿಕೆ ಬೇಯಿಸಿದ ಕೆಂಪು ನೀರಿನಲ್ಲಿರುವ) ಟ್ಯಾನಿನ್ ಅಲ್ಯೂಮಿನಿಯಂ ಆಕ್ಸೈಡಿಗೆ ಅಂಟಿಕೊಳ್ಳುವಂಥದ್ದೇ. ಆದರೆ ಮನೆಯ ಚೊಗರು ಗಸಿ ತುಂಬಿದ ದ್ರವ. ಬಟ್ಟೆಯಲ್ಲಿ ಎರಡು ಸಲ ಸೋಸಿ, ತೆಳ್ಳಗೆ ಮಾಡಿಕೊಂಡು ಚೂರು ತುಂಡಿನ ಮೇಲೆ ಪ್ರಯೋಗ ಮಾಡಿ. ಕಂದು ಛಾಯೆಯ ಮೇಲೆ ಹೆಚ್ಚು ನಿರೀಕ್ಷೆ ಬೇಡ, ಬಿಸಿಲಲ್ಲಿ ಉಳಿಯುವ ಭರವಸೆಯೂ ಬೇಡ. ಹೊರಗೆ ಬಿಸಿಲಿಗೆ ನಿಲ್ಲುವ ಚಿನ್ನದ ಬಣ್ಣಕ್ಕೆ ಉದ್ಯಮದವರು ಫೆರಿಕ್ ಅಮೋನಿಯಂ ಆಕ್ಸಲೇಟ್ ಬಳಸುತ್ತಾರೆ.

ಸೀಲ್ ಮಾಡೋದು ಹೇಗೆ? ಕುದಿಯೋ ನೀರಿಗೆ ಹಾಕಿದ್ರೆ ಬಣ್ಣ ಬಿಡ್ತಿದೆ.

ಡಿಸ್ಟಿಲ್ಡ್ ವಾಟರ್ ಕುದಿಸಿ, ಪ್ರತಿ ಮೈಕ್ರಾನ್‌ಗೆ 2ರಿಂದ 3 ನಿಮಿಷದಂತೆ ಮುಳುಗಿಸಿಡಿ. 15 ಮೈಕ್ರಾನ್‌ಗೆ ಮುಕ್ಕಾಲು ಗಂಟೆ ಇಟ್ಟರೆ ಚಿಂತೆಯಿಲ್ಲ. ಆಕ್ಸೈಡ್ ನೀರು ಕುಡಿದು ಉಬ್ಬುವುದರಿಂದ ರಂಧ್ರ ಮುಚ್ಚುತ್ತದೆ. ಸಾಗರ, ತೀರ್ಥಹಳ್ಳಿಯ ಎತ್ತರದಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಅಷ್ಟು ಸಾಕು.

ಬಣ್ಣ ಬಿಟ್ಟರೆ ಮೊದಲ 10 ನಿಮಿಷ ನೀರಿಗೆ ಹಾಕದೆ ಹಬೆಯಲ್ಲಿಡಿ. ಕಡುಬಿನ ಅಟ್ಟದ (ಕಡುಬು ಬೇಯಿಸುವ ಪಾತ್ರೆಯ) ಹಬೆ ಇದಕ್ಕೆ ಹೇಳಿಮಾಡಿಸಿದ್ದು, ಆದರೆ ಅಡುಗೆಯದ್ದಲ್ಲ, ಬೇರೆ ಹಳೆಯದೊಂದು ಇಟ್ಟುಕೊಳ್ಳಿ. ರಂಧ್ರದ ಬಾಯಿ ಸ್ವಲ್ಪ ಮುಚ್ಚಿದ ಮೇಲೆ ನೀರಿಗೆ ಇಳಿಸಿ. ಸೀಲ್ ಆಗಿದೆಯೇ ನೋಡಲು ಮರೆಯ ಜಾಗದಲ್ಲಿ ಮಾರ್ಕರ್‌ನಿಂದ ಗೆರೆ ಎಳೆದು, ಒಣಗಿದ ಮೇಲೆ ಸ್ಪಿರಿಟ್‌ನಿಂದ ಒರೆಸಿ. ಗುರುತಿಲ್ಲದೆ ಹೋದರೆ ಆಗಿದೆ.

## ಎಡವಟ್ಟಾದಾಗ

ವೋಲ್ಟ್ ಮೇಲಕ್ಕೆ ಹೋಗಿ ನಿಲ್ಲತ್ತೆ, ಆಂಪ್ಸ್ ಸೊನ್ನೆಗೆ ಬರತ್ತೆ. ಸಪ್ಲೈ ಕೆಟ್ಟಿದೆಯಾ?

ಸಪ್ಲೈ ಕೆಟ್ಟಿರುವುದು ಅಪರೂಪ. ತಂತಿ ಸಡಿಲವಾಗಿ, ತುಂಡಿಗೂ ತಂತಿಗೂ ನಡುವೆ ಆಕ್ಸೈಡ್ ಬೆಳೆದು ದಾರಿ ಮುಚ್ಚಿದೆ. ಬಿಗಿ ಮಾಡಿ ಮುಂದುವರಿಸುವುದು ಹೆಚ್ಚಾಗಿ ಫಲಿಸುವುದಿಲ್ಲ. ಕಾಸ್ಟಿಕ್‌ಗೆ ಹಾಕಿ ಪದರ ತೆಗೆದು ಮೊದಲಿನಿಂದ ಮಾಡಿ. ಹೀಗೆ ತೆಗೆದಾಗಲೆಲ್ಲ ಲೋಹವೂ ಸ್ವಲ್ಪ ಹೋಗುತ್ತದೆ. ಮೂರನೇ ಸಲಕ್ಕೆ ಮರೆ ಸಡಿಲವಾಗಿರುತ್ತದೆ.

ಒಂದು ಕಡೆ ಬಣ್ಣ ಗಾಢ, ಇನ್ನೊಂದು ಕಡೆ ಹಿಡಿದೇ ಇಲ್ಲ.

ಹಿಡಿಯದ ಜಾಗಕ್ಕೆ ಮಲ್ಟಿಮೀಟರ್ ಇಟ್ಟು ನೋಡಿ. ಬೀಪ್ ಬಂದರೆ ಅಲ್ಲಿ ಪದರವೇ ಬೆಳೆದಿಲ್ಲ: ಗಾಳಿಗುಳ್ಳೆ ಸಿಕ್ಕಿಕೊಂಡಿತ್ತು, ಇಲ್ಲವೇ ಮೈನಸ್ ಪ್ಲೇಟ್ ಒಂದೇ ಪಕ್ಕಕ್ಕಿತ್ತು. ಬೀಪ್ ಬರದಿದ್ದರೆ ಪದರ ಇದೆ, ಬಣ್ಣಕ್ಕೆ ಅಡ್ಡಿಯಾಗಿದೆ: ಬೆರಳಚ್ಚು, ಜಿಡ್ಡು, ರಂಧ್ರದಲ್ಲಿ ಉಳಿದ ಆ್ಯಸಿಡ್, ಅಥವಾ ಬಿಸಿನೀರಲ್ಲಿ ತೊಳೆದದ್ದು. ಮೊದಲನೆಯದಕ್ಕೆ ಪೂರ್ತಿ ಮತ್ತೆ ಮಾಡಬೇಕು. ಎರಡನೆಯದಕ್ಕೆ ಅಡುಗೆ ಸೋಡಾ ನೀರಲ್ಲಿ ಅದ್ದಿ ಮತ್ತೊಮ್ಮೆ ಬಣ್ಣಕ್ಕೆ ಹಾಕಿ ನೋಡಬಹುದು.

ಸೂಜಿ ಚುಚ್ಚಿದಂಗೆ ಗುಳಿ ಬಿದ್ದಿದೆ.

ಕ್ಲೋರೈಡ್. ನಲ್ಲಿ ನೀರು ಬಳಸಿದ್ದೀರಿ ಅಥವಾ ಬೆವರಿನ ಕೈ ಹಾಕಿದ್ದೀರಿ. ಟ್ಯಾಂಕಿಗೇ ಸೇರಿದ್ದರೆ ದ್ರಾವಣ ಬದಲಿಸದೆ ದಾರಿಯಿಲ್ಲ.

ಅಂಚು, ಮೂಲೆ ಮಾತ್ರ ಸುಟ್ಟಂಗೆ ಆಗಿದೆ.

ಚೂಪಾದ ಮೂಲೆಗೆ ಕರೆಂಟ್ ಹೆಚ್ಚು ಹರಿಯುತ್ತದೆ. ಫೈಲ್‌ನಿಂದ ಮೂಲೆಯನ್ನು ಅರ್ಧ ಮಿ.ಮೀ. ಗುಂಡಗೆ ಮಾಡಿ, ಕರೆಂಟನ್ನು ಮೊದಲ ಐದು ನಿಮಿಷದಲ್ಲಿ ಹಂತಹಂತವಾಗಿ ಏರಿಸಿ, ಏರ್ ಪಂಪ್ ನಡೆಯುತ್ತಿದೆಯೇ ನೋಡಿ.

## ಕೈ ಪಳಗಿದ ಮೇಲೆ

ಅನೋಡೈಸ್ ಆದ್ಮೇಲೆ ಬೋಲ್ಟ್ ಮರೆಗೆ ಕೂರ್ತಿಲ್ಲ, ಬೇರಿಂಗ್ ಹೋಗ್ತಿಲ್ಲ.

ಪದರದ ಮೂರನೇ ಒಂದು ಪಾಲು ಹೊರಕ್ಕೆ ಬೆಳೆಯುತ್ತದೆ, ಎರಡು ಪಾಲು ಒಳಕ್ಕೆ. 20 ಮೈಕ್ರಾನ್ ಪದರ ಅಂದರೆ ಪ್ರತಿ ಮೈಯೂ ಸುಮಾರು 7 ಮೈಕ್ರಾನ್ ಎದ್ದಿರುತ್ತದೆ, ತೂತಿನ ವ್ಯಾಸ 14 ಮೈಕ್ರಾನ್ ಕಿರಿದು. ಮರೆಯ ಇಳಿಜಾರಿನಿಂದಾಗಿ ಪಿಚ್ ವ್ಯಾಸದಲ್ಲಿ (ಮರೆಯ ಹಲ್ಲಿನ ನಡುಮಟ್ಟದ ವ್ಯಾಸ) ಆ 7ರ ನಾಲ್ಕು ಪಟ್ಟು, ಅಂದರೆ 28 ಮೈಕ್ರಾನ್. ಬೇರಿಂಗ್ ಕೂರುವ ಜಾಗಕ್ಕೆ ಅಷ್ಟು ಸಾಕು ಕೆಡಿಸಲು. ಅಳತೆ ಬಿಗಿಯಾಗಿರುವ ತೂತಿಗೆ ಸಿಲಿಕೋನ್ ಬಿರಡೆ ಹಾಕಿ, ಚಪ್ಪಟೆ ಜಾಗಕ್ಕೆ ನೇಲ್ ಪಾಲಿಶ್ ಎರಡು ಕೋಟ್ ಬಳಿಯಿರಿ. ಮುಗಿದ ಮೇಲೆ ಅಸಿಟೋನ್‌ನಲ್ಲಿ ಒರೆಸಿದರೆ ಹೋಗುತ್ತದೆ.

ಒಂದೂಕಾಲು ಮೀಟರ್ ಪೈಪಿಗೆ ಅಷ್ಟು ದೊಡ್ಡ ಟ್ಯಾಂಕ್ ಎಲ್ಲಿಂದ ತರೋದು?

110 ಮಿ.ಮೀ. ಪಿವಿಸಿ ಪೈಪ್ 1.5 ಮೀಟರ್ ಕತ್ತರಿಸಿ, ತಳಕ್ಕೆ ಕ್ಯಾಪ್ ಅಂಟಿಸಿ, ಕಂಬಕ್ಕೆ ಕಟ್ಟಿ ನಿಲ್ಲಿಸಿ. 12ರಿಂದ 13 ಲೀಟರ್ ಹಿಡಿಯುತ್ತದೆ. ಮೊದಲು ಒಂದು ದಿನ ಬರೀ ನೀರು ತುಂಬಿ ಸೋರುತ್ತದೆಯೇ ನೋಡಿ. ಮೈನಸ್ ಪಟ್ಟಿಗಳು ಎದುರುಬದುರು, ಪೂರ್ತಿ ಉದ್ದಕ್ಕೆ.

ಪೈಪಿನ ಒಳಮೈಗೆ ಪದರ ಬರುವುದು ಎರಡು ಬಾಯಿಯ ಹತ್ತಿರ ಮಾತ್ರ, ಅದು ಸುಮ್ಮನೆ ಲೆಕ್ಕ ತಪ್ಪಿಸುತ್ತದೆ. ಬಾಯಿಗೆ ರಬ್ಬರ್ ಬಿರಡೆ ಹಾಕಿಬಿಡಿ. ಆದರೆ ಒಳಗೆ ಗಾಳಿ ಬಿಟ್ಟು ಮುಚ್ಚಿದರೆ ಪೈಪು ತೇಲುತ್ತದೆ. 32 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪದ 1.2 ಮೀಟರ್ ಪೈಪಿನ ತೂಕ 600 ಗ್ರಾಂ ಚಿಲ್ಲರೆ, ಅದು ಸರಿಸುವ ದ್ರಾವಣದ ತೂಕ ಒಂದು ಕೆ.ಜಿ.ಗೂ ಹೆಚ್ಚು. ಒಳಗೆ ಡಿಸ್ಟಿಲ್ಡ್ ವಾಟರ್ ತುಂಬಿ ಬಿರಡೆ ಹಾಕಿದರೆ ಮುಳುಗುತ್ತದೆ. ಹೊರಮೈ ಸುಮಾರು 1,200 ಚದರ ಸೆಂ.ಮೀ. ಇದಕ್ಕೆ ಪೂರ್ತಿ 12 ಆಂಪ್ ಬೇಕಿಲ್ಲ. 7 ಆಂಪ್ ಕೊಟ್ಟು 80 ನಿಮಿಷ ಬಿಟ್ಟರೂ 15 ಮೈಕ್ರಾನ್ ಬರುತ್ತದೆ, ಬಿಸಿಯೂ ಕಡಿಮೆ. ಇದಕ್ಕೆ ಮಾತ್ರ 10 ಆಂಪ್‌ನ ಸಪ್ಲೈ ಬೇಕು.

ಒಂದೇ ತುಂಡಿಗೆ ಎರಡು ಬಣ್ಣ ಹೇಗೆ?

ತಿಳಿ ಬಣ್ಣ ಮೊದಲು. ಸೀಲ್ ಮಾಡದೆ, ತಣ್ಣೀರಲ್ಲಿ ತೊಳೆದು ಒಣಗಿಸಿ, ಉಳಿಯಬೇಕಾದ ಜಾಗಕ್ಕೆ ವಿನೈಲ್ ಸ್ಟಿಕರ್ ಒತ್ತಿ ಅಂಟಿಸಿ. ಉಳಿದ ಕಡೆಯ ಬಣ್ಣವನ್ನು ತೆಳು ಬ್ಲೀಚ್ ನೀರಿನ ಹತ್ತಿಯಿಂದ ಒರೆಸಿ ತೆಗೆದು, ಕೂಡಲೇ ಚೆನ್ನಾಗಿ ತೊಳೆದು, ಎರಡನೇ ಬಣ್ಣಕ್ಕೆ ಅದ್ದಿ. ಎರಡನೆಯದು ಕಪ್ಪಾದರೆ ಒರೆಸುವ ಕೆಲಸವೂ ಇಲ್ಲ. ಬ್ಲೀಚ್ ಆ್ಯಸಿಡ್ ಟ್ಯಾಂಕಿನ ಹತ್ತಿರ ಸುಳಿಯಬಾರದು, ಎರಡೂ ಸೇರಿದರೆ ಕ್ಲೋರಿನ್.

ಆ್ಯಸಿಡ್ ಎಷ್ಟು ದಿನ ಬರತ್ತೆ? ಹಳೇದನ್ನ ಎಲ್ಲಿ ಚೆಲ್ಲೋದು?

ಮುಚ್ಚಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಲೀಟರಿಗೆ 15ರಿಂದ 20 ಗ್ರಾಂ ಅಲ್ಯೂಮಿನಿಯಂ ಕರಗಿದ ಮೇಲೆ ಅದೇ ಕರೆಂಟಿಗೆ ವೋಲ್ಟೇಜ್ ಹೆಚ್ಚು ಕೇಳುತ್ತದೆ, ಪದರ ಮಂಕಾಗುತ್ತದೆ. ಆಗ ಬದಲಿಸಿ. ಬಕೆಟ್ ಮೇಲೆ ‘ಆ್ಯಸಿಡ್’ ಎಂದು ದಪ್ಪಕ್ಷರದಲ್ಲಿ ಬರೆದಿರಲಿ, ನೀರಿನ ಬಾಟಲಿಯಲ್ಲಿ ಎಂದಿಗೂ ತುಂಬಿಡಬೇಡಿ.

ತೋಟದ ಕಪ್ಪಿಗೆ (ಬಸಿಗಾಲುವೆಗೆ), ಹಳ್ಳಕ್ಕೆ, ಬಚ್ಚಲಿನ ಮೋರಿಗೆ ಸುರಿಯುವಂತಿಲ್ಲ. ಇಲ್ಲಿನ ಹಳ್ಳಗಳೆಲ್ಲ ಸೇರುವುದು ಕುಡಿಯುವ ನೀರಿನ ಹೊಳೆಗೆ. ಮೊದಲು ಹತ್ತು ಪಾಲು ನೀರಿಗೆ ಒಂದು ಪಾಲು ದ್ರಾವಣ ಸುರಿದು ತೆಳ್ಳಗೆ ಮಾಡಿ. ಆಮೇಲೆ ತಟಸ್ಥ ಮಾಡಿ: ಮೂಲ ದ್ರಾವಣದ ಪ್ರತಿ ಲೀಟರಿಗೆ ಸುಮಾರು 140 ಗ್ರಾಂ ಅರಳಿದ ಸುಣ್ಣ ಅಥವಾ 200 ಗ್ರಾಂ ಸೋಡಿಯಂ ಕಾರ್ಬೊನೇಟ್ ಪುಡಿ. ಬೋರ್ಡೋಗೆ ತಂದ ಸುಣ್ಣ ಮನೆಯಲ್ಲಿದ್ದರೆ ಅದೇ ಆದೀತು. ಚಮಚ ಚಮಚವಾಗಿ ಹಾಕಿ. ಸೋಡಿಯಂ ಕಾರ್ಬೊನೇಟ್ ಆದರೆ ನೊರೆ ಉಕ್ಕುತ್ತದೆ, ಬಕೆಟ್ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಹಳೆಯ ಕಾಸ್ಟಿಕ್ ನೀರನ್ನೂ ಇದರಲ್ಲೇ ಸ್ವಲ್ಪಸ್ವಲ್ಪವಾಗಿ ಸೇರಿಸಿ ಮುಗಿಸಬಹುದು, ಅಷ್ಟರ ಮಟ್ಟಿಗೆ ಸುಣ್ಣ ಉಳಿಯುತ್ತದೆ. ಪಿಎಚ್ ಕಾಗದ 7ರ ಸುತ್ತ ತೋರಿಸುವವರೆಗೆ ಬಿಡಬೇಡಿ. ತಳದಲ್ಲಿ ನಿಲ್ಲುವ ಬಿಳಿ ಗಸಿಯನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿ, ಬೇರೆ ಡಬ್ಬಿಯಲ್ಲಿ ಕಟ್ಟಿ ಅಪಾಯಕಾರಿ ಕಸವಾಗಿ ಕೊಡಿ. ಸೀಸದ ಪ್ಲೇಟ್ ಬಳಸಿದ್ದರೆ ಸೋಸಿದ ನೀರನ್ನೂ ಹೊರಗೆ ಚೆಲ್ಲಬೇಡಿ.